ಮೂವರು ಯಜಮಾನರ ಪಂಕ್ತಿ

ಗೌರೀಶನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಅದೂ ಸ್ವಂತ ಮಗಳ ಮಾತಿನಿಂದ. ಅಕ್ಕಿರೊಟ್ಟಿ ಬಿಸಿಯಾಗಿತ್ತು, ಉಚ್ಚೆಳ್ಳು ಚಟ್ನಿ ಹದವಾಗಿತ್ತು, ಹೊಳೆನರಸೀಪುರದ ಚಳಿಗೆ ಇನ್ನೇನು ಬೇಕು? ಮಗಳು ನಿಸರ್ಗ ಹಾಸನದ ಬಸ್ಸಿಗೆ ಹೊತ್ತಾಯಿತೆಂದು ನಿಂತುಕೊಂಡೇ ರೊಟ್ಟಿ ಮುರಿಯುತ್ತಿದ್ದಳು. ಸೆಕೆಂಡ್ ಪಿಯುಸಿ, ಸೈನ್ಸು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಶುರು ಮಾಡಿದಳು.

“ಅಪ್ಪಾ, ನಮ್ ಮಹಾವೀರ್ ಸಾರ್ ಆಸಿಡ್‌ಗೆ ಹೆಸ್ರಿಡೋದು ಎಷ್ಟ್ ಚೆನ್ನಾಗ್ ಹೇಳ್ಕೊಟ್ರು ಗೊತ್ತಾ? ಕಾರ್ಬನ್ ಚೈನ್ ಅಂದ್ರೆ ಊಟದ ಪಂಕ್ತಿ ಅಂತೆ. ಕಾರ್ಬಾಕ್ಸಿಲ್ ಗ್ರೂಪು ಮನೆ ಯಜಮಾನ ಅಂತೆ. ಅವನು ಯಾವ ತುದೀಲಿ ಕೂತವ್ನೋ ಅಲ್ಲಿಂದ್ಲೇ ಒಂದು, ಎರಡು ಅಂತ ಎಣಿಸ್ಬೇಕಂತೆ. ಮೀಥೈಲು ಗೀಥೈಲು ಎಲ್ಲಾ ನೆಂಟ್ರು. ಅವ್ರು ಆ ಕಡೆ ತುದಿಗೆ ಹತ್ರ ಕೂತಿದ್ರೂ ಕ್ಯಾರೇ ಅನ್ಬಾರ್ದಂತೆ. ಇಡೀ ಕ್ಲಾಸು ಬಿದ್ದೂ ಬಿದ್ದೂ ನಕ್ತು.”

ಗೌರೀಶ ಬಾಯಿಗೆತ್ತಿದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ಆ ಪಂಕ್ತಿ ಅವನದು! ಆ ಯಜಮಾನನೂ ಅವನದೇ, ಆ ನೆಂಟರೂ ಅವನವರೇ! ಅರಕಲಗೂಡಿನ ಕಾಲೇಜಿನಲ್ಲಿ ಹೊಸದಾಗಿ ಕೆಮಿಸ್ಟ್ರಿ ಮೇಷ್ಟ್ರಾಗಿ ಸೇರಿದ ಕಾಲದಲ್ಲಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ರಾತ್ರಿಯೆಲ್ಲ ಸೌದೆ ಒಟ್ಟಿ ನಿದ್ದೆಗಣ್ಣಲ್ಲಿ ಬಂದು ಕೂರುತ್ತಿದ್ದ ಹುಡುಗರನ್ನು ಎಚ್ಚರ ಇರಿಸಲಿಕ್ಕೆ ಅವನೇ ಕಟ್ಟಿದ ಪಾಠ ಅದು. ಹುಣಸೆ, ನಿಂಬೆ, ಮೊಸರು, ಎಲ್ಲದರ ಹುಳಿಯ ಹಿಂದೆಯೂ ಇರುವುದು ಕಾರ್ಬನ್ನುಗಳ ಒಂದು ಸಾಲು. ಆ ಸಾಲಿನಲ್ಲಿ ಆಮ್ಲದ ಗುಣ ಹೊತ್ತ ಒಂದು ಕಾರ್ಬನ್ ಇರುತ್ತದೆ, ಅದಕ್ಕೆ ಕಾರ್ಬಾಕ್ಸಿಲ್ ಎನ್ನುತ್ತಾರೆ. ಹೆಸರಿಡುವಾಗ ಎಣಿಕೆ ಅಲ್ಲಿಂದಲೇ ಶುರುವಾಗಬೇಕು. ಪುಸ್ತಕದವರು ಇದನ್ನು ಅರ್ಧ ಪುಟ ಕೊರೆದಿದ್ದರು. ಗೌರೀಶ ಯಜಮಾನನನ್ನು ಪಂಕ್ತಿಯ ತುದಿಗೆ ಕೂರಿಸಿದ, ಹುಡುಗರಿಗೆ ಥಟ್ಟನೆ ತಲೆಗೆ ಹತ್ತಿತು. ಇವತ್ತಿಗೂ ಸಂತೆಯಲ್ಲಿ ಶುಂಠಿ ಮಾರುವ ಅವನ ಹಳೇ ಶಿಷ್ಯರು “ಸಾ, ಯಜಮಾನ್ರೆಂಗವ್ರೆ?” ಎಂದು ಕೇಳುವುದುಂಟು.

ಹಾಗಾದರೆ ಈ ಮಹಾವೀರ ಯಾರು? ಚನ್ನರಾಯಪಟ್ಟಣದ ಕಡೆಯವನು, ನುಗ್ಗೇಹಳ್ಳಿಯ ಹತ್ತಿರದ ಜೈನರ ಮನೆಯ ಹುಡುಗ. ಎಂಎಸ್ಸಿ ಮುಗಿಸಿ ಅರಕಲಗೂಡಿಗೆ ಗೆಸ್ಟ್ ಲೆಕ್ಚರರ್ ಆಗಿ ಬಂದಿದ್ದ. ಬಂದವನೇ ಕೈಕಟ್ಟಿ ನಿಂತು, “ಸಾರ್, ನಿಮ್ ಕ್ಲಾಸಲ್ಲಿ ಹಿಂದೆ ಕೂತ್ಕೊಂಡು ಕೇಳ್ಲಾ? ನಂಗೆ ಪಾಠ ಮಾಡಕ್ಕೆ ಬರಲ್ಲ” ಎಂದಿದ್ದ. ಗೌರೀಶನಿಗೆ ಆಗ ಎಷ್ಟು ಹೆಮ್ಮೆಯಾಗಿತ್ತು ಅಂತೀರಿ! ಎದೆ ಉಬ್ಬಿಸಿಕೊಂಡು ಒಪ್ಪಿದ. ಆಮೇಲೆ ಗೌರೀಶನಿಗೆ ಹೊಳೆನರಸೀಪುರದ ಕಾಲೇಜಿಗೆ ವರ್ಗವಾಯಿತು. ಈಗ ನೋಡಿದರೆ ಆ ಪಾಠ ಮಾಡಲು ಬಾರದವನು ಹಾಸನದ ದೊಡ್ಡ ಕಾಲೇಜಿನಲ್ಲಿ ಮೆರೆಯುತ್ತಿದ್ದಾನೆ, ಸೀಟಿಗೆ ಅಪ್ಪ ಅಮ್ಮಂದಿರು ಸಾಲುಗಟ್ಟಿ ನಿಲ್ಲುತ್ತಾರೆ, ಗೌರೀಶನ ಒಬ್ಬಳೇ ಮಗಳೂ ಅವನದೇ ಬೆಂಚಿನಲ್ಲಿ ಕೂತಿದ್ದಾಳೆ.

ಮಗಳನ್ನು ಅಲ್ಲಿಗೆ ಸೇರಿಸುವಾಗ ಗೌರೀಶ ಅಡ್ಡ ಬಂದಿರಲಿಲ್ಲ. “ಅಪ್ಪನ್ ಕಾಲೇಜಲ್ಲಿ ಓದಿದ್ರೆ ಎಲ್ಲಾರೂ ಮೇಷ್ಟ್ರ್ ಮಗ್ಳು ಅಂತ ಆಡ್ಕೋತಾರೆ” ಎಂದಿದ್ದಳು. ಸರಿ, ಕಾಲೇಜು ಎಲ್ಲಾದರೂ ಇರಲಿ, ಕೆಮಿಸ್ಟ್ರಿ ಡೌಟಿಗೆ ನನ್ನ ಹತ್ತಿರವೇ ಬರಬೇಕಲ್ಲ ಎಂದುಕೊಂಡಿದ್ದ. ಅವಳು ಬರಲೇ ಇಲ್ಲ. ಫಸ್ಟ್ ಪಿಯುಸಿ ಇಡೀ ವರ್ಷ ಅವನು ಸಾಯಂಕಾಲ ಪೇಪರ್ ಹಿಡಿದು, ಕಿವಿಯನ್ನೆಲ್ಲ ಮಗಳ ರೂಮಿನ ಕಡೆ ಇಟ್ಟುಕೊಂಡು ಕಾದ. ಅವಳಿಗೆ ಡೌಟೇ ಇರುತ್ತಿರಲಿಲ್ಲ. ಆ ಮಹಾವೀರ ಒಂದನ್ನೂ ಉಳಿಸಿ ಕಳಿಸುತ್ತಿರಲಿಲ್ಲ, ಪಾಪಿ! ಊರಿನ ಮಕ್ಕಳಿಗೆಲ್ಲ ಗುರುವಾಗಿ ಮನೆಯ ಮಗುವಿಗೆ ಏನೂ ಅಲ್ಲದವನಾದೆನಲ್ಲ ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಮಗಳು ಒಂದೇ ಒಂದು ಸಲ ಪುಸ್ತಕ ಹಿಡಿದು ಬಂದು “ಅಪ್ಪಾ, ಇದು ಹೇಳ್ಕೊಡು” ಅಂದರೆ ಸಾಕಾಗಿತ್ತು.

“ಅದು ನನ್ದು ಕಣೇ!” ಎಂದು ಗೌರೀಶ ತಟ್ಟೆ ಕುಟ್ಟಿದ. “ಆ ಪಂಕ್ತಿ, ಆ ಯಜಮಾನ, ಎಲ್ಲಾ ನನ್ದು. ನನ್ ಕ್ಲಾಸಲ್ಲಿ ಹಿಂದ್ಗಡೆ ಬೆಂಚಲ್ಲಿ ಕೂತು ಕದ್ಕೊಂಡು ಹೋಗವ್ನೆ!”

ಒಳಗಿನಿಂದ ಹೆಂಡತಿ ಪುಟ್ಟಲಕ್ಷ್ಮಿ ಸೌಟು ಹಿಡಿದೇ ಬಂದಳು. ಅರಕಲಗೂಡಿನ ಹೆಣ್ಣು, ಮಾತಿನಲ್ಲಿ ಮುಲಾಜಿಲ್ಲ. “ಏನ್ರೀ ಅದು, ತಟ್ಟೆ ಒಡ್ದಾಕ್ಬುಟ್ಟೀರಿ! ಯಾರಾದ್ರೂ ಯೋಳ್ಕೊಡ್ಲಿ, ಮಗೀಗೆ ಬಂದ್ರಾಯ್ತಪ್ಪ. ಒಟ್ಟೆ ಉರ್ಕಂಡು ಉಂಡ್ರೆ ರೊಟ್ಟಿ ಅರಗಾಕಿಲ್ಲ ಕಣ್ರೀ.”

“ನಂಗ್ಯಾಕೆ ಹೊಟ್ಟೆ ಉರೀಲಿ? ನಂಗೇನಾಗಿದೆ ರೋಗ?” ಎಂದು ಗೌರೀಶ ಸಿಡುಕಿದ. ಮುಖ ಮಾತ್ರ ಕೆಂಪಗೆ ಕಾದಿತ್ತು.

ನಿಸರ್ಗಳಿಗೆ ನಗು ತಡೆಯಲಾಗಲಿಲ್ಲ. “ಸರಿ ಬಿಡಪ್ಪ, ನಿನ್ದೇ. ಆದ್ರೆ ಮುಂದಿಂದು ಕೇಳು, ಇನ್ನೂ ಮಜಾ ಐತೆ. ಎರಡು ತುದೀಗೂ ಯಜಮಾನ್ರಿದ್ರೆ ಅಣ್ಣ ತಮ್ಮ ಅಂತೆ, ಇಬ್ರನ್ನೂ ಸೇರಿಸ್ಕೊಂಡೇ ಎಣಿಸ್ಬೇಕು. ಮೂರ್ನೇ ಯಜಮಾನನೂ ಬಂದು ಮಧ್ಯ ಕೂತ್ಬಿಟ್ರೆ? ಮೂರು ಜನ ಯಜಮಾನ್ರಿರೋ ಮನೇಲಿ ಊಟ ನಡೆಯಲ್ಲ, ಜಗಳಾನೇ. ಅದಕ್ಕೆ ಮೂರೂ ಜನಾನ ಪಂಕ್ತಿಯಿಂದ ಎಬ್ಬಿಸಿ ಜಗಲಿ ಮೇಲೆ ಕೂರಿಸ್ಬೇಕು, ಒಳಗೆ ಉಳಿದವರನ್ನ ಮಾತ್ರ ಎಣಿಸ್ಬೇಕು. ನಿಂಬೆಹುಳಿ ಹಂಗೇ ಅಂತೆ. ಸಿಟ್ರಿಕ್ ಆಸಿಡ್.”

ಗೌರೀಶ ಒಳಗೇ ಲೆಕ್ಕ ಹಾಕಿ ನೋಡಿದ. ಎಷ್ಟು ಸರಿಯಾಗಿತ್ತು! ಮೂರು ಕಾರ್ಬಾಕ್ಸಿಲ್ ಬಂದಾಗ ಅವುಗಳ ಕಾರ್ಬನ್ನನ್ನು ಎಣಿಸಬಾರದು, ಹೆಸರಿನ ಕೊನೆಗೆ ‘ಟ್ರೈಕಾರ್ಬಾಕ್ಸಿಲಿಕ್ ಆಮ್ಲ’ ಎಂದು ಬೇರೆಯಾಗಿ ಸೇರಿಸಬೇಕು, ಇದು ಅವನಿಗೂ ಗೊತ್ತಿದ್ದದ್ದೇ. ಇಷ್ಟು ವರ್ಷವೂ ಅದನ್ನು “ಇದೊಂದು ಎಕ್ಸೆಪ್ಶನ್, ಬಾಯಿಪಾಠ ಮಾಡ್ಕೊಳ್ರಪ್ಪ” ಎಂದು ಹೇಳಿ ಮುಗಿಸುತ್ತಿದ್ದ. ಮೂವರನ್ನೂ ಎಬ್ಬಿಸಿ ಜಗಲಿಗೆ ಕಳಿಸುವುದು ಅವನಿಗೆ ಹೊಳೆದಿರಲಿಲ್ಲ. ತಾನು ಕಟ್ಟಿದ ಮನೆಗೆ ಬೇರೆ ಯಾವನೋ ಬಂದು, ತನಗಿಂತ ಚೆನ್ನಾಗಿ ಜಗಲಿ ಕಟ್ಟಿಬಿಟ್ಟಿದ್ದ. ಕದ್ದಿದ್ದರೆ ಬೈಯಬಹುದಿತ್ತು. ತಿದ್ದಿ ಚಂದ ಮಾಡಿದವನನ್ನು ಏನಂತ ಬೈಯುವುದು?

“ತಪ್ಪು” ಎಂದ.

ಮಾತು ಬಾಯಿಂದ ಹೇಗೆ ಬಿತ್ತೋ ಅವನಿಗೇ ತಿಳಿಯಲಿಲ್ಲ. ನಿಸರ್ಗ ರೊಟ್ಟಿ ತಿನ್ನುವುದನ್ನು ನಿಲ್ಲಿಸಿದಳು. “ತಪ್ಪಾ? ಸಾರ್ ಹೇಳಿದ್ದಾ?”

“ಯಜಮಾನ ಅಂದ್ಮೇಲೆ ಯಜಮಾನ. ಅವನ್ನ ಎಣಿಸ್ದೆ ಬಿಡೋದುಂಟಾ? ತುದೀಲಿರೋ ಇಬ್ರನ್ನ ಎಣಿಸ್ಬೇಕು. ನಡುವೆ ಬಂದ ಮೂರ್ನೆಯವನನ್ನ ನೆಂಟನ ಥರ ‘ಕಾರ್ಬಾಕ್ಸಿ’ ಅಂತ ಹೆಸರಿನ ಮುಂದೆ ಸೇರಿಸ್ಬೇಕು. ನಿಮ್ ಸಾರು ಜಗಲಿ ಪಗಲಿ ಅಂತ ಕತೆ ಕಟ್ಟವ್ನೆ. ಮಕ್ಕಳು ನಕ್ಕುಬಿಟ್ರೆ ಪಾಠ ಆಗೋಯ್ತಾ?”

ಮಗಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಏನು ಮಾಡಿದಳು ಗೊತ್ತೆ? ಕೈ ತೊಳೆದುಕೊಂಡು ಬಂದು, ಬ್ಯಾಗಿನಿಂದ ಹಾಳೆ ಪೆನ್ನು ತೆಗೆದು ಅವನ ಮುಂದಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದಳು: “ಹಂಗಾದ್ರೆ ಸಿಟ್ರಿಕ್ ಆಸಿಡ್ ನೀನೇ ಹೇಳ್ಕೊಡಪ್ಪ.”

ಅಯ್ಯೋ ಶಿವನೇ! ಎಷ್ಟು ದಿನದಿಂದ ಕಾದಿದ್ದ ಮಾತು! ಆಗಲಾದರೂ ಅವನು “ತಮಾಷೆಗೆ ಅಂದೆ ಮಗಾ” ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗಂದರೆ ಮಗಳು ನಕ್ಕು, ಬ್ಯಾಗು ಏರಿಸಿಕೊಂಡು, ಮಹಾವೀರ್ ಸಾರೇ ಸರಿ ಎಂದುಕೊಂಡು ಬಸ್ಸಿಗೆ ಓಡುತ್ತಿದ್ದಳು. ಗೌರೀಶ ಪೆನ್ನು ತೆಗೆದುಕೊಂಡ. ಐದು ಕಾರ್ಬನ್ನು ಬರೆದ, ತುದಿಯ ಇಬ್ಬರು ಯಜಮಾನರನ್ನೂ ಸೇರಿಸಿ ಎಣಿಸಿದ, ನಡುವಿನವನನ್ನು ನೆಂಟನಾಗಿಸಿದ, ‘ಮೂರು-ಕಾರ್ಬಾಕ್ಸಿ-ಮೂರು-ಹೈಡ್ರಾಕ್ಸಿ-ಪೆಂಟೇನ್‌ಡೈಯೋಯಿಕ್ ಆಮ್ಲ’ ಎಂದು ಉದ್ದಕ್ಕೆ ಬರೆದು ಕೆಳಗೆ ಗೀಟು ಎಳೆದ. ಮಗಳು ಅವನ ಭುಜಕ್ಕೆ ಒರಗಿಕೊಂಡು ನೋಡಿದಳು, ಎರಡು ಪ್ರಶ್ನೆ ಕೇಳಿದಳು, ತಲೆ ಆಡಿಸಿದಳು. ಆ ಬಸ್ಸು ಹೊರಟುಹೋಯಿತು. ಗೌರೀಶನಿಗೆ ಅಷ್ಟು ಸುಖವಾದ ಬೆಳಗು ಆ ವರ್ಷದಲ್ಲಿ ಇನ್ನೊಂದು ಇರಲಿಲ್ಲ.

ಅವನು ಹೇಳಿದ್ದು ಪೂರ್ತಿ ಗಾಳಿಮಾತೂ ಅಲ್ಲ. ಹಳೆಯ ಪುಸ್ತಕಗಳಲ್ಲಿ ಹಾಗೂ ಬರೆಯುತ್ತಿದ್ದರು. ಈಗಿನ ಪಠ್ಯದಲ್ಲಿ, ಈಗಿನ ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ, ಅಷ್ಟೆ. ‘ಹಳೇ ಪದ್ಧತಿ ಹೇಳಿಕೊಟ್ಟೆ, ಅದರಲ್ಲೇನು ಮಹಾ’ ಎಂದು ಕಾಲೇಜಿಗೆ ಹೋಗುವ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಳೆ ಸರಿಮಾಡಿದರಾಯಿತು ಎಂದುಕೊಂಡ.

ನಾಳೆ ಬಂತು, ಆಚೆ ನಾಡಿದ್ದೂ ಬಂತು. ಅವರೆಕಾಯಿ ಕಾಲ. ಸಾಯಂಕಾಲ ಮೂವರೂ ಮೊರದ ಸುತ್ತ ಕೂತು ನೆನೆದ ಅವರೆಕಾಳು ಹಿತುಕುವಾಗ ಗೌರೀಶ ಗಂಟಲು ಸರಿಮಾಡಿಕೊಂಡು, “ನಿಸರ್ಗಾ...” ಅನ್ನುವನು. “ಏನಪ್ಪಾ?” ಅನ್ನುವಳು. “ಏನಿಲ್ಲ, ಸಾಕು ಬಿಡು ಹಿತುಕಿದ್ದು, ಹೋಗ್ ಓದ್ಕೊ” ಎಂದು ಮಾತು ನುಂಗುವನು. ಹೇಗೆ ಹೇಳುವುದು? ಆ ದಿನದಿಂದ ಅವಳು ಡೌಟು ತರತೊಡಗಿದ್ದಳು. ಒಂದು ಸಲ ಬೆಂಜೋಯಿಕ್ ಆಮ್ಲದ ಲೆಕ್ಕ, ಇನ್ನೊಂದು ಸಲ ಎಸ್ಟರು. “ಅಪ್ಪಾ, ನೀನ್ ಹೇಳಿದ್ರೆ ಬೇಗ ತಲೆಗ್ ಹೋಗುತ್ತೆ” ಎಂದು ಒಮ್ಮೆ ಅಂದುಬಿಟ್ಟಳು, ಗೌರೀಶ ಅವತ್ತು ಎರಡು ಮುದ್ದೆ ಜಾಸ್ತಿ ಉಂಡ. ಈಗ ಹೋಗಿ ‘ನಾನು ಹೇಳಿದ್ದು ತಪ್ಪು, ನಿಮ್ಮ ಸಾರು ಹೇಳಿದ್ದು ಸರಿ’ ಎಂದರೆ ಅವಳು ಮತ್ತೆ ಆ ಕಡೆಗೇ ವಾಲಿಬಿಡುತ್ತಾಳೆ. ಸಿಕ್ಕಿದ್ದನ್ನು ಕೈಯಾರೆ ಎತ್ತಿ ಆ ಮಹಾವೀರನ ಮಡಿಲಿಗೆ ಹಾಕುವಷ್ಟು ದೊಡ್ಡ ಮನಸ್ಸು ಗೌರೀಶನಿಗಿರಲಿಲ್ಲ. ಪಬ್ಲಿಕ್ ಪರೀಕ್ಷೆಗೆ ಇನ್ನೂ ಟೈಮಿದೆ, ಆ ಪ್ರಶ್ನೆ ಬಂದೇ ಬರುತ್ತದೆ ಅಂತ ಏನು ಗ್ಯಾರಂಟಿ ಎಂದು ದಿನ ತಳ್ಳಿದ.

ಜನವರಿಯ ಒಂದು ಭಾನುವಾರ ಹಾಸನದಲ್ಲಿ ಕೆಮಿಸ್ಟ್ರಿ ಮೇಷ್ಟ್ರುಗಳ ಬೋರ್ಡ್ ರೌಂಡು. ಪ್ರತಿ ವರ್ಷವೂ ನಡೆಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನಿಂದ ಆರಿಸಿದ ಮಕ್ಕಳನ್ನು ಒಂದೇ ಹಾಲಿನಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದು ಪ್ರಶ್ನೆ ಕೇಳುವುದು. ಯಾರೂ ತಮ್ಮ ಕಾಲೇಜಿನ ಮಕ್ಕಳನ್ನು ತಾವೇ ಕೇಳುವ ಹಾಗಿಲ್ಲ, ಅದಲು ಬದಲು ಮಾಡಿಕೊಳ್ಳಬೇಕು. ಪ್ರಶ್ನೆಗಳು ಚೀಟಿಯಲ್ಲಿರುತ್ತವೆ. ಈ ಸಲ ಚೀಟಿ ಬರೆದು ತಂದವನು ಚನ್ನರಾಯಪಟ್ಟಣದ ಮೇಷ್ಟ್ರು ರಜನೀಶ, ಸ್ಟೀಲಿನ ಟಿಫನ್ ಬಾಕ್ಸಿನಲ್ಲಿ ತುಂಬಿಕೊಂಡು ಬಂದಿದ್ದ. ಹಾಸನದ ಮಕ್ಕಳು ಗೌರೀಶನ ಪಾಲಿಗೆ ಬಂದರು. ಹೊಳೆನರಸೀಪುರದ ಮಕ್ಕಳು ಮಹಾವೀರನ ಪಾಲಿಗೆ.

ನಿಮಗೆ ಮುಚ್ಚಿಡುವುದೇನು, ಗೌರೀಶನಿಗೆ ಒಳಗೊಳಗೇ ಖುಷಿಯಾಯಿತು. ಸಿಕ್ಕಿದಿರಿ ಮಕ್ಕಳಾ, ನಿಮ್ಮ ಸಾರ್ ಬಂಡವಾಳ ಇವತ್ತು ಬಯಲಿಗೆ ಬರಲಿ ಎಂದು ಕತ್ತಿ ಮಸೆದುಕೊಂಡೇ ಬಂದಿದ್ದ. ಬಾಗಿಲಲ್ಲೇ ಮಹಾವೀರ ಎದುರಾಗಿ, ಬಗ್ಗಿ ಕಾಲು ಮುಟ್ಟಲಿಕ್ಕೆ ಬಂದ. ಗೌರೀಶ “ಇರ್ಲಿ ಇರ್ಲಿ” ಎಂದು ಹಿಂದೆ ಸರಿದ. ಮಹಾವೀರ ಸುಮ್ಮನಿರಬೇಕೋ ಬೇಡವೋ? ಮೈಕು ಹಿಡಿದು ಇಡೀ ಹಾಲಿಗೆ, “ಮಕ್ಕಳೇ, ಇವ್ರು ನನ್ನ ಗುರುಗಳು. ನಾನು ಪಾಠ ಮಾಡೋದು ಕಲ್ತಿದ್ದೇ ಇವರ ಹಿಂದ್ಗಡೆ ಬೆಂಚಲ್ಲಿ ಕೂತು. ನಿಮಗೆ ಹೇಳಿದ ಆ ಯಜಮಾನ ಇವರದೇ” ಎಂದು ಸಾರಿದ. ಚಪ್ಪಾಳೆ ಬಿತ್ತು. ಗೌರೀಶನಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನಿಗೆ ಒಳ್ಳೆಯವನಾಗಿರುವುದು ಕೂಡ ಎಷ್ಟು ಚೆನ್ನಾಗಿ ಬರುತ್ತದಲ್ಲ! ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಿತ್ತು.

ಮೊದಲು ಮಹಾವೀರನ ಸರದಿ. ಹೊಳೆನರಸೀಪುರದ ಮಕ್ಕಳು ತಡವರಿಸಿದಲ್ಲಿ ಅವನು ಒಂದು ಎಳೆ ಹಿಡಿದುಕೊಡುವನು, ಮಕ್ಕಳು ಉಳಿದದ್ದನ್ನು ಬರೆಯುವರು. ತನ್ನ ಕಾಲೇಜಿನ ಮಕ್ಕಳು ಬೋರ್ಡು ಬಿಟ್ಟು ಬರುವಾಗ ಮಹಾವೀರನ ಕಡೆ ತಿರುಗಿ ನೋಡುತ್ತಾ ಬಂದದ್ದನ್ನು ಗೌರೀಶ ನೋಡಿದ. ಒಂದೇ ಗಂಟೆಯಲ್ಲಿ ನನ್ನ ಹುಡುಗರನ್ನೂ ಹೊಡೆದುಕೊಂಡ ಎಂದು ಹಲ್ಲು ಕಚ್ಚಿದ.

ಆಮೇಲೆ ಇವನ ಸರದಿ. ಹಾಸನದ ಮಕ್ಕಳಿಗೆ ಗೌರೀಶ ಎಳೆ ಗಿಳೆ ಕೊಡಲಿಲ್ಲ. ಚೀಟಿಯಲ್ಲಿದ್ದ ಪ್ರಶ್ನೆಗೆ ಬಾಲ ಅಂಟಿಸಿ ಕೇಳಿದ, ಸುತ್ತಿ ಬಳಸಿ ಕೇಳಿದ. ತ್ರಿಷಾ ಎಂಬ ಹುಡುಗಿ ಕವಲು ಕವಲಾದ ಆಮ್ಲಕ್ಕೆ ನೀರು ಕುಡಿದ ಹಾಗೆ ಹೆಸರಿಟ್ಟು ಕೈ ಕೊಡವಿಕೊಂಡು ಹೋದಳು. ಅವಳ ಹಿಂದಿನವನೂ ಹಾಗೇ. ಒಬ್ಬರೂ ಎಡವಲಿಲ್ಲ. ಮಹಾವೀರ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ, ಅವನ ಮುಖದಲ್ಲಿ ಜಂಬವಾದರೂ ಬೇಡವೇ? ಅದೂ ಇರಲಿಲ್ಲ.

“ಮುಂದೆ ಯಾರು?” ಎಂದ ಗೌರೀಶ ಬಾಕ್ಸಿಗೆ ಕೈ ಹಾಕುತ್ತಾ.

ನಿಸರ್ಗ ಎದ್ದು ಬಂದಳು. ಹಾಲಿನಲ್ಲಿ ಪಿಸಪಿಸ ಶುರುವಾಯಿತು, ಅಪ್ಪ ಮಗಳು ಎಂದು. ಅವಳಿಗೆ ಒಂಚೂರೂ ಅಳುಕಿಲ್ಲ. ಗೌರೀಶ ಚೀಟಿ ಬಿಡಿಸಿದ. ‘ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲದ ರಚನೆ ಬರೆದು, ಕ್ರಮಬದ್ಧ ಹೆಸರು ಕೊಡಿ.’

ಮಡಚಿ ವಾಪಸು ಹಾಕಿಬಿಡೋಣ ಅನಿಸಿತು. ಬೆರಳುಗಳು ಮಡಚುತ್ತಲೂ ಇದ್ದವು. “ಏನ್ ಸಾರ್ ಬಂದಿದ್ದು? ಜೋರಾಗಿ ಓದಿ” ಎಂದು ರಜನೀಶ ಪಕ್ಕದಿಂದ ಇಣುಕಿಯೇಬಿಟ್ಟ, ತಾನೇ ಓದಿಯೂಬಿಟ್ಟ. “ಓ, ಒಳ್ಳೇ ಪ್ರಶ್ನೆ. ಬರಿಯಮ್ಮ.”

ಪ್ರಶ್ನೆ ಕೇಳಿದ್ದೇ ನಿಸರ್ಗಳ ಮುಖ ಅರಳಿತು. ಅಪ್ಪನ ಕಡೆ ಒಂದು ನೋಟ ಎಸೆದು ಚಾಕ್‌ಪೀಸ್ ಎತ್ತಿಕೊಂಡಳು. ಸಾಲು ಬರೆದಳು, ಮೂರು ಕಾರ್ಬಾಕ್ಸಿಲ್ ಇಟ್ಟಳು, ಹೈಡ್ರಾಕ್ಸಿ ಇಟ್ಟಳು. ಆಮೇಲೆ ತುದಿಯ ಕಾರ್ಬಾಕ್ಸಿಲ್ಲಿನಿಂದ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋದಾಗ ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅವಳು ಲಕ್ಷ್ಯ ಕೊಡಲಿಲ್ಲ. ಮೂರು-ಕಾರ್ಬಾಕ್ಸಿ-ಮೂರು-ಹೈಡ್ರಾಕ್ಸಿ-ಪೆಂಟೇನ್‌ಡೈಯೋಯಿಕ್ ಆಮ್ಲ ಎಂದು ದುಂಡಗೆ ಬರೆದಳು. ಬರೆದು, ತಿರುಗಿ, ಅಪ್ಪನನ್ನು ನೋಡಿದಳು. ಹಾಲಿನಲ್ಲಿ ಇನ್ಯಾರನ್ನೂ ನೋಡಲಿಲ್ಲ, ಮಹಾವೀರನನ್ನು ಕೂಡ.

ಗೌರೀಶ ಬೋರ್ಡಿನ ಕಡೆ ನೋಡಿದ. ಸರಿ ಅಂದರೆ ರಜನೀಶ ಬಿಡುವುದಿಲ್ಲ, ಇಷ್ಟು ಜನ ಮೇಷ್ಟ್ರುಗಳ ಮುಂದೆ ಮಾನ ಹೋಗುತ್ತದೆ. ‘ನಾನೇ ಹೀಗೆ ಹೇಳಿಕೊಟ್ಟಿದ್ದು’ ಅಂದರೆ ಹೋಗುವುದು ಇನ್ನೂ ಹೆಚ್ಚು. ಅವನು ಹೀಗೆ ಒದ್ದಾಡುತ್ತಿರುವಾಗ ಮೂಲೆಯಿಂದ ಮಹಾವೀರ ಮೆಲ್ಲಗೆ ಅಂದ, “ಸಾರ್, ಹಳೇ ಪುಸ್ತಕಗಳಲ್ಲಿ ಹಿಂಗೂ ಬರೀತಿದ್ರು ಅಲ್ವಾ? ಪೂರ್ತಿ ತಪ್ಪು ಅನ್ನಕ್ಕಾಗಲ್ಲ. ಹಳೇ ಪದ್ಧತಿ ಅಂತ ಹೇಳಿ, ಹೊಸದನ್ನ ಇನ್ನ್ಯಾರಾದ್ರೂ ಬರೀಲಿ.”

ಎಂಥ ಸಲೀಸಾದ ದಾರಿ! ಹೌದಪ್ಪ ಎಂದು ತಲೆ ಆಡಿಸಿದ್ದರೆ ಅಪ್ಪನೂ ಉಳಿಯುತ್ತಿದ್ದ, ಮಗಳೂ ಉಳಿಯುತ್ತಿದ್ದಳು. ಆದರೆ ದಾರಿ ತೋರಿಸಿದವನು ಯಾರು? ನನ್ನ ಮಗಳನ್ನು ನನ್ನಿಂದ ಕಾಪಾಡಲಿಕ್ಕೆ ಇವನು ಯಾರು? ಇವನ ಭಿಕ್ಷೆ ನನಗೆ ಬೇಕೇ? ಆ ಗಳಿಗೆಯಲ್ಲಿ ಗೌರೀಶನ ಕಣ್ಣಿಗೆ ಬೋರ್ಡಿನ ಮುಂದೆ ನಿಂತ ಮಗಳು ಕಾಣಲೇ ಇಲ್ಲ, ಬರೀ ಮಹಾವೀರ ಕಂಡ.

“ಹಳೇದೂ ಇಲ್ಲ ಪಳೇದೂ ಇಲ್ಲ. ತಪ್ಪು ಅಂದ್ರೆ ತಪ್ಪು” ಎಂದು ಗಟ್ಟಿಯಾಗಿ ಹೇಳಿದ. ಅಷ್ಟಕ್ಕೇ ನಿಲ್ಲಿಸಿದನೇ? ಎಷ್ಟೋ ವರ್ಷದಿಂದ ತರಗತಿಯಲ್ಲಿ ಆಡಿ ಆಡಿ ಹಲ್ಲಿಗಂಟಿದ್ದ ಮಾತು ತಾನಾಗಿ ಬಂತು. “ಕ್ಲಾಸಲ್ಲಿ ಮೇಷ್ಟ್ರು ಹೇಳೋವಾಗ ಕಿವಿ ಎಲ್ಲಿಟ್ಟಿದ್ದೆ? ಹೋಗಿ ಕೂತ್ಕೊ.”

ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಿಸರ್ಗ ಚಾಕ್‌ಪೀಸ್ ಹಿಡಿದು ಹಾಗೇ ನಿಂತಿದ್ದಳು. ಅವಳ ಬಾಯಿ ಒಂದು ಸಲ ತೆರೆಯಿತು. ಅಪ್ಪನೇ ಹೇಳಿಕೊಟ್ಟಿದ್ದೆಂದು ಈಗ ಹೇಳಿಬಿಡುತ್ತಾಳೆ ಎಂದುಕೊಂಡ ಗೌರೀಶ. ಅವಳು ಹೇಳಲಿಲ್ಲ. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿಕೊಂಡು ಹೋಗಿ ಕೂತಳು. ತ್ರಿಷಾ ಮತ್ತೆ ಬಂದು, ಮೂವರು ಯಜಮಾನರನ್ನೂ ಹೊರಗೆ ಕೂರಿಸಿ, ಸರಿಯಾದ ಹೆಸರು ಬರೆದು ಚಪ್ಪಾಳೆ ಗಿಟ್ಟಿಸಿದಳು.

ಮಧ್ಯಾಹ್ನದ ಪುಳಿಯೋಗರೆ ಗೌರೀಶನಿಗೆ ಮರಳು ತಿಂದ ಹಾಗಿತ್ತು. ಮಹಾವೀರ ಹತ್ತಿರ ಬಂದು ಏನೋ ಹೇಳಬೇಕೆಂದು ನಿಂತ. ಗೌರೀಶನ ಮುಖ ನೋಡಿ, “ಬತ್ತೀನಿ ಸಾರ್” ಎಂದಷ್ಟೇ ಹೇಳಿ ಹೋದ.

ಸಾಯಂಕಾಲದ ಬಸ್ಸಿನಲ್ಲಿ ಅಪ್ಪ ಮಗಳಿಗೆ ಅಕ್ಕಪಕ್ಕದ ಸೀಟು ಸಿಕ್ಕಿತು. ನಿಸರ್ಗ ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಿದ್ದಳು. ಬಸ್ಸು ಮೊಸಳೆಹೊಸಳ್ಳಿ ದಾಟಿತು. ಗೌರೀಶನೇ ಸೋತು, “ಕಡ್ಲೆಕಾಯಿ ತಿಂತೀಯೇನವ್ವಾ?” ಎಂದ.

“ಬೇಡ.”

ಇನ್ನಷ್ಟು ದೂರ ಹೋಯಿತು ಬಸ್ಸು. ಅವಳು ಕಿಟಕಿಯಿಂದ ಮುಖ ತಿರುಗಿಸದೆಯೇ ಮಾತಾಡಿದಳು.

“ಅಪ್ಪಾ, ನಾನು ಮಹಾವೀರ್ ಸಾರ್ ಹತ್ರ ಆವತ್ತೇ ಜಗಳ ಆಡಿದ್ದೆ. ನಮ್ಮಪ್ಪ ಹಂಗಲ್ಲ ಅಂತಾರೆ ಸಾರ್, ಎಣಿಸ್ಬೇಕು ಅಂತಾರೆ ಅಂತ. ಇಡೀ ಕ್ಲಾಸು ನಗ್ತು. ಸಾರ್ ಒಬ್ರು ನಗ್ಲಿಲ್ಲ. ನಿಮ್ಮಪ್ಪ ಹೇಳವ್ರೆ ಅಂದ್ರೆ ನಾನೇ ಇನ್ನೊಂದ್ಸಲ ನೋಡ್ಕಂಡ್ ಬತ್ತೀನಿ ಅಂದ್ರು. ಮಾರ್ನೇ ದಿನ ಪುಸ್ತಕ ತಂದು ತೋರ್ಸಿದ್ರು. ನಿಮ್ಮಪ್ಪ ಹೇಳಿದ್ದು ಹಳೇ ರೀತಿ ಇರ್ಬೋದು, ಪರೀಕ್ಷೇಲಿ ಮಾತ್ರ ಹಿಂಗ್ ಬರಿ ಅಂದ್ರು.”

ಗೌರೀಶನ ಕೈಯಲ್ಲಿದ್ದ ಟಿಕೆಟ್ಟು ಮುದುಡಿತು. “ಮತ್ತೆ... ಗೊತ್ತಿದ್ದೂ ಯಾಕೆ ಹಂಗೆ ಬರ್ದೆ?”

“ಪುಸ್ತಕದಲ್ಲಿ ಹಂಗಿದ್ರೂ ನೀನು ಸುಮ್ ಸುಮ್ನೆ ಹೇಳಲ್ಲ, ಏನೋ ಇರುತ್ತೆ ಅನ್ಕೊಂಡೆ. ಅಲ್ಲಿ ನಿಂತು ಕೇಳ್ತಿದ್ದೋನು ನೀನೇ ಅಲ್ವಾ? ನೀನ್ ಹೇಳ್ಕೊಟ್ಟಿದ್ದನ್ನ ನಿನ್ ಮುಂದೆ ಬರೀದೆ, ಸಾರ್ ಹೇಳಿದ್ದನ್ನ ಬರೀಲಾ? ಬರೆದ್ರೆ ನೀನೇ ಎಲ್ಲಾರ್ಗೂ ಬಿಡಿಸಿ ಹೇಳ್ತೀಯ ಅನ್ಕೊಂಡಿದ್ದೆ.”

ಕೇಳಿಸಿಕೊಂಡಿರಾ? ಪುಸ್ತಕ ಒಂದು ಕಡೆ, ಇಡೀ ಕ್ಲಾಸು ಒಂದು ಕಡೆ, ಆ ಮಹಾವೀರನೂ ಒಂದು ಕಡೆ ನಿಂತಿದ್ದಾಗ ಈ ಹುಡುಗಿ ಅಪ್ಪನ ಕಡೆ ನಿಂತಿದ್ದಳು. ಯಾವುದಕ್ಕಾಗಿ ಅವನು ವರ್ಷವಿಡೀ ಹೊಟ್ಟೆ ಸುಟ್ಟುಕೊಂಡನೋ ಅದು ಅವನ ಮನೆಯಲ್ಲೇ, ಅವನ ಪಕ್ಕದ ಕುರ್ಚಿಯಲ್ಲೇ ಇತ್ತು. ಅದನ್ನು ಇಡೀ ಹಾಲಿನ ಮುಂದೆ ಎಬ್ಬಿಸಿ ‘ಹೋಗಿ ಕೂತ್ಕೊ’ ಅಂದುಬಿಟ್ಟಿದ್ದ.

ಈಗಲೂ ಸುಳ್ಳು ಹೇಳಬಹುದಿತ್ತು. ಹಳೇ ಪದ್ಧತಿ ಮರೆತುಹೋಗಿತ್ತು ಕಣವ್ವ ಎಂದರೆ ಅವಳು ಅದನ್ನೂ ನಂಬುತ್ತಿದ್ದಳು. ಅದು ಹೊಳೆದೇ ಅವನಿಗೆ ನಾಚಿಕೆಯಾಯಿತು.

“ನಿಮ್ ಸಾರ್ ಹೇಳಿದ್ದೇ ಸರಿ ಮಗಾ” ಎಂದ. “ಅವತ್ತು ನಿಂಗೆ ಹೇಳ್ಕೊಡೋವಾಗ್ಲೂ ಅದು ನಂಗೆ ಗೊತ್ತಿತ್ತು.”

ನಿಸರ್ಗ ಈಗ ತಿರುಗಿದಳು. “ಗೊತ್ತಿತ್ತಾ? ಮತ್ಯಾಕೆ ತಪ್ಪು ಅಂದೆ?”

“ಹೊಟ್ಟೆಕಿಚ್ಚು” ಎಂದ ಗೌರೀಶ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ ಎಂದುಕೊಂಡ. “ನೀನು ಅವನ ಪಾಠಾನ ಹೊಗಳಿದ್ದು ತಡ್ಕೊಳ್ಳಕ್ಕಾಗ್ಲಿಲ್ಲ. ನನ್ ಹತ್ರ ಒಂದ್ಸಲಾನೂ ಬಂದು ಕೇಳ್ತಿರ್ಲಿಲ್ವಲ್ಲ ನೀನು. ಅಂಥಾ ಹೊಟ್ಟೆಕಿಚ್ಚು.”

ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದು ಅವನು ಕಾದ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಅವನ ಮುಖ ನೋಡಿದಳು, ಬೆಳಿಗ್ಗೆ ಬೋರ್ಡಿನ ಮುಂದೆ ನಿಂತು ನೋಡಿದ ನೋಟವಲ್ಲ ಅದು. ಆಮೇಲೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, ಸಿಟ್ಟಿಲ್ಲದ ದನಿಯಲ್ಲೇ ಹೇಳಿದಳು.

“ಸರಿ ಬಿಡಪ್ಪ. ಡೌಟ್ ಇದ್ರೆ ನಿನ್ನೇ ಕೇಳ್ತೀನಿ. ಆದ್ರೆ ನೀನ್ ಹೇಳ್ಕೊಟ್ಟಿದ್ದನ್ನ ಇನ್ಮೇಲೆ ಮಹಾವೀರ್ ಸಾರ್‌ಗೆ ಒಂದ್ಸಲ ತೋರಿಸ್ಕೊಂಡು ಬರ್ಕೋತೀನಿ.”

ಕಂಡಕ್ಟರು ಹೊಳೆನರಸೀಪುರ, ಹೊಳೆನರಸೀಪುರ ಎಂದು ಕೂಗಿದ. ಗೌರೀಶ ಎದ್ದು ಕಂಬಿ ಹಿಡಿದು ನಿಂತ.

“ತೋರಿಸ್ಕೊ ಮಗಾ” ಎಂದ.